ಊರು ಬಿಟ್ಟು ಹೋಗದ ಚಿತ್ರಗಳು

ಚಿತ್ರಕಲಾ ವಿದ್ಯಾರ್ಥಿಯಾದ ನಾನು ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಉಫಿಜಿ ಗ್ಯಾಲರಿಯನ್ನು ಪುಸ್ತಕಗಳಲ್ಲಷ್ಟೇ ಸುತ್ತಿದ್ದೇನೆ. ‘ಉಫಿಜಿ’ ಎಂದರೆ ಕಚೇರಿಗಳು! ಮೆಡಿಚಿ ಮನೆತನದ ದೊರೆ ಕೊಸಿಮೊ 1560ರಲ್ಲಿ ವಸಾರಿಯ ಕೈಯಲ್ಲಿ ಕಟ್ಟಿಸಲು ಶುರುಮಾಡಿದ್ದು ಸರ್ಕಾರಿ ಕಚೇರಿಗಳನ್ನೇ. ಮಗ ಫ್ರಾನ್ಸೆಸ್ಕೊ ಮೇಲ್ಮಹಡಿಗೆ ಮನೆತನದ ಕಲಾಸಂಗ್ರಹ ತಂದಿಟ್ಟ.

ಲಿಯೊನಾರ್ಡೊ, ಮೈಕೆಲೆಂಜೆಲೊ ಎಲ್ಲರೂ ಇಲ್ಲಿದ್ದಾರೆ. ಜನ ಮುಗಿಬೀಳುವುದು ಬೊಟಿಚೆಲ್ಲಿಯ ‘ವೀನಸ್‌ನ ಜನನ’ಕ್ಕೆ. ನನಗೆ ಮಾತ್ರ ಅವನದೇ ‘ಪ್ರಿಮವೆರಾ’ ಇಷ್ಟ. ಮರದ ಹಲಗೆಯ ಮೇಲೆ ಅರಳಿದ ವಸಂತ ಅದು: ಕಿತ್ತಳೆ ತೋಪು, ಹೂವು ಚೆಲ್ಲುತ್ತ ಬರುವ ಫ್ಲೋರಾ, ಕಾಲಡಿಯ ಹುಲ್ಲಿನಲ್ಲಿ ನೂರಾರು ಹೂಗಳು. ಎಷ್ಟೋ ಹೂಗಳನ್ನು ಸಸ್ಯಶಾಸ್ತ್ರಜ್ಞರು ಹೆಸರು ಹಿಡಿದು ಗುರುತಿಸಿದ್ದಾರೆ!

ಮೆಡಿಚಿ ವಂಶ ಮುಗಿದಾಗ ಇದೆಲ್ಲ ಹೊಸ ದೊರೆಗಳ ಜೊತೆ ಗಾಡಿಯೇರಿ ಹೋಗಬಹುದಿತ್ತು. ತಡೆದವಳು ವಂಶದ ಕೊನೆಯ ಕುಡಿ ಅನ್ನಾ ಮಾರಿಯಾ ಲೂಯಿಸಾ. ಒಂದು ಕೃತಿಯೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದೆಂದು 1737ರಲ್ಲಿ ಆಕೆ ಒಪ್ಪಂದವನ್ನೇ ಮಾಡಿಸಿದಳು. ನನ್ನ ಮಟ್ಟಿಗೆ ಯಾವ ಕಲಾವಿದನಿಗೂ ಆಕೆ ಕಡಿಮೆಯಲ್ಲ. 1769ರಲ್ಲಿ ಗ್ಯಾಲರಿ ಜನಸಾಮಾನ್ಯರಿಗೂ ತೆರೆಯಿತು.

ಎರಡನೇ ಮಹಾಯುದ್ಧದಲ್ಲಿ ಬಾಂಬ್‌ ಭಯಕ್ಕೆ ಚಿತ್ರಗಳನ್ನು ಊರಾಚೆ ಬಚ್ಚಿಟ್ಟರು. ‘ಪ್ರಿಮವೆರಾ’ ಸೇರಿದ್ದು ಹತ್ತಿರದ ಮಾಂಟೆಗುಫೋನಿ ಕೋಟೆಯನ್ನು. 1944ರಲ್ಲಿ ಯುದ್ಧ ಅಲ್ಲಿಗೂ ಬಂತು. ಆಗ ಅದರ ಕಾವಲಿಗೆ ನಿಂತವರು ಯಾರು ಗೊತ್ತೇ? ಭಾರತೀಯ ಯೋಧರು! ಅದೂ ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರು. ನನ್ನ ಕಲಾ ಇತಿಹಾಸದ ಪಠ್ಯದಲ್ಲಿ ಬೊಟಿಚೆಲ್ಲಿಗೆ ಎರಡು ಪುಟಗಳಿವೆ, ಇವರಿಗೆ ಒಂದು ಸಾಲೂ ಇಲ್ಲ.