ಮಾಸಿಕ ಪರಮಾಂಕಗಳ ಲೇಖನವೂ ರಕ್ಷಣೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಬೇಸಗೆಯು ಎಷ್ಟು ಉಗ್ರವಾದುದೆಂಬುದನ್ನು ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಕರ್ನಾಟಕದಲ್ಲಿ ಅಳೆದಿರುವ ಉಷ್ಣತೆಗಳಲ್ಲಿ ಅತ್ಯಧಿಕವೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ರಾಯಚೂರು ನಗರದಲ್ಲಿ 1928ನೆಯ ಇಸವಿ ಮೇ ತಿಂಗಳ 23ನೆಯ ತಾರೀಖು ಕಂಡುಬಂದ 45.6 ಡಿಗ್ರಿ ಸೆಲ್ಸಿಯಸ್ ಎಂಬ ಅಂಕ. ಆಗ ಈ ಊರು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. 1948ರಲ್ಲಿ ಆ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವೆಂದಾಯಿತು. ಉಷ್ಣತೆಯ ಮಾನವೂ ಫಾರನ್‌ಹೀಟಿನಿಂದ ಸೆಲ್ಸಿಯಸ್ಸಿಗೆ ಮಾರ್ಪಟ್ಟಿತು. ಇಷ್ಟು ಮಾರ್ಪಾಡುಗಳನ್ನು ದಾಟಿ ಆ ಒಂದು ಅಂಕವು ನಮ್ಮ ಕೈಸೇರಿದೆ. ಅಂಕದ ಜೊತೆಗೆ ಊರೂ ತಾರೀಖೂ ಉಳಿದು ಬಂದುದರಿಂದಲೇ ಅದು ನಮಗೆ ಉಪಯುಕ್ತವಾಗಿದೆ, ಬರಿಯ 45.6 ಎಂಬುದು ಉಳಿದಿದ್ದರೆ ಅದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಈಗ ಹವೆಯ ಲೆಕ್ಕವನ್ನು ಮನುಷ್ಯನ ಕೈಗೆ ಬದಲಾಗಿ ಗಣಕಯಂತ್ರದ ತಂತ್ರಾಂಶವು ಬರೆಯುತ್ತಿರುವುದು. ಆ ತಂತ್ರಾಂಶವು ತಿಂಗಳ ಗರಿಷ್ಠ ಕನಿಷ್ಠಗಳನ್ನು ಎಲ್ಲಿ ಬರೆಯುವುದು, ಬರೆದುದನ್ನು ಹೇಗೆ ಕಾಪಾಡುವುದು, ಎಲ್ಲಿ ಅದು ನಷ್ಟವಾಗುವ ಸಂಭವವುಂಟು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆನು. ಗರಿಷ್ಠ ಕನಿಷ್ಠಗಳೆರಡನ್ನೂ ಸೇರಿಸಿ ಹೇಳುವಲ್ಲಿ ‘ಪರಮಾಂಕ’ ಎಂಬ ಪದವನ್ನು ಬಳಸಿರುವೆನು. ಪಾಠಶಾಲೆಯಲ್ಲಿ ಶಾಸ್ತ್ರವನ್ನೋದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುವುದು ಉಚಿತ.

ಮಾನ್ವಿಯಲ್ಲಿರುವ ನನ್ನ ತಮ್ಮನ ಮಗನು ತನ್ನ ಹೊಲದ ಮನೆಯಲ್ಲಿ ಒಂದು ಸಣ್ಣ ಹವಾಮಾಪನ ಯಂತ್ರವನ್ನಿಟ್ಟು ಕೆಲವು ವರ್ಷಗಳಿಂದ ಲೆಕ್ಕ ಬರೆಯಿಸುತ್ತಿರುವನು. ಹಳೆಯ ಗಣಕವು ಕೆಟ್ಟಾಗ ಹೊಸದೊಂದನ್ನು ತಂದು, ಹತ್ತು ನಿಮಿಷಕ್ಕೊಮ್ಮೆ ಬರೆದ ದೊಡ್ಡ ಕಡತಗಳನ್ನೆಲ್ಲ ಅದಕ್ಕೆ ಸಾಗಿಸಿದನು. ಕೆಲವೇ ಸಾಲುಗಳುಳ್ಳ ಸಣ್ಣ ಕಡತಗಳು ಕೆಲಸಕ್ಕೆ ಬಾರದವೆಂದೆಣಿಸಿ ಬಿಟ್ಟನು. ಮರುದಿನ ಯಂತ್ರವು ಹಿಂದಿನ ವರ್ಷಗಳ ಮಾತನ್ನೇ ಮರೆತು, ಆ ದಿನದ ಉಷ್ಣತೆಯೇ ಮೇ ತಿಂಗಳ ಪರಮಾವಧಿಯೆಂದು ತೋರಿಸತೊಡಗಿತು. “ಇದ್ದದ್ದನ್ನೆಲ್ಲಾ ತಂದೀನಲ್ಲ ದೊಡ್ಡಪ್ಪ, ಮತ್ತ ಯಾಕ ಹಿಂಗಾತು?” ಎಂದು ಆತನು ನನ್ನನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದುದರ ಫಲವೇ ಈ ಬರೆಹ.

1. ಪರಮಾಂಕದ ಸ್ವರೂಪ

ಮಾಸಿಕ ಪರಮಾಂಕವೆಂಬುದು ಎರಡು ಬಗೆ. ಈ ಮೇ ತಿಂಗಳಲ್ಲಿ ಇದುವರೆಗೆ ಕಂಡ ಗರಿಷ್ಠವು ಒಂದು; ಲೆಕ್ಕವು ಮೊದಲಾದಂದಿನಿಂದ ಬಂದ ಎಲ್ಲ ಮೇ ತಿಂಗಳುಗಳನ್ನೂ ಸೇರಿಸಿ ನೋಡಿದಾಗ ದೊರೆಯುವ ಗರಿಷ್ಠವು ಇನ್ನೊಂದು. ಮೊದಲನೆಯದು ತಿಂಗಳು ಮುಗಿದೊಡನೆ ಅಳಿಸಲ್ಪಡುವುದು. ಎರಡನೆಯದು ಅದನ್ನು ಮೀರಿಸುವ ಅಂಕ ಬರುವವರೆಗೆ ನಿಲ್ಲುವುದು. ರಾಯಚೂರಿನ 1928ರ ಅಂಕವು ಈ ಎರಡನೆಯ ಜಾತಿಗೆ ಸೇರಿದುದು.

ಪಾದರಸದ ಹಳೆಯ ಗರಿಷ್ಠಮಾಪಕವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಅದರ ಕೊಳವೆಯ ಕತ್ತಿನಲ್ಲಿ ಒಂದು ಸಂಕೋಚವಿರುವುದರಿಂದ ಏರಿದ ಪಾದರಸವು ತಾನಾಗಿಯೇ ಇಳಿಯದು; ನೋಡುವವನು ಅಂಕವನ್ನು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಮಾಪಕವನ್ನು ಕೊಡಹಿ ಇಳಿಸಬೇಕು. ಬರೆಯದೆ ಕೊಡಹಿದರೆ ಆ ದಿನದ ಗರಿಷ್ಠವು ಹೋದಂತೆಯೇ ಸರಿ. ತಂತ್ರಾಂಶದಲ್ಲಿಯೂ ತಿಂಗಳ ಸಂಧಿಯೇ ಇಂಥ ಕೊಡಹುವ ಕಾಲ. ಆದಕಾರಣ ‘ಅಳಿಸುವ ಮುನ್ನ ಬರೆಯತಕ್ಕದ್ದು’ ಎಂಬುದೇ ಈ ಶಾಸ್ತ್ರದ ಮೊದಲನೆಯ ಸೂತ್ರ.

2. ಲೇಖನಕ್ರಮ

ಗೃಹಸ್ಥರು ಬಳಸುವ ತಂತ್ರಾಂಶಗಳಲ್ಲಿ ಕ್ಯುಮುಲಸ್ ಎಂಬುದು ಪ್ರಸಿದ್ಧವಾದುದು. ಅದು ಲೆಕ್ಕವನ್ನು ಮೂರು ಅಂತಸ್ತುಗಳಲ್ಲಿ ಬರೆಯುವುದು. ಮೊದಲನೆಯದು ತಿಂಗಳಿಗೊಂದರಂತೆ ಇರುವ ದೊಡ್ಡ ಕಡತ. ಇದರಲ್ಲಿ ನಾವು ಗೊತ್ತುಮಾಡಿದಂತೆ ಐದು, ಹತ್ತು ಮುಂತಾದ ನಿಮಿಷಗಳಿಗೊಮ್ಮೆ ಒಂದು ಸಾಲು ಬೀಳುವುದು. ಎರಡನೆಯದು ಡೇಫೈಲ್ ಎಂಬ ದಿನಪತ್ರ. ಇದರಲ್ಲಿ ದಿನಕ್ಕೊಂದೇ ಸಾಲು. ಆ ದಿನದ ಗರಿಷ್ಠ ಕನಿಷ್ಠ ಉಷ್ಣತೆ, ಅತಿ ಬಲವಾದ ಗಾಳಿಯ ಬೀಸು, ಮಳೆಯ ಮೊತ್ತ ಮೊದಲಾದವೂ, ಪರಮಾಂಕಗಳು ಕಂಡ ವೇಳೆಗಳೂ ಇದರಲ್ಲಿರುವುವು. ಮೂರನೆಯವು ಪರಮಾಂಕಗಳ ಸಣ್ಣ ಕಡತಗಳು: ಇಂದಿನದೊಂದು, ಈ ತಿಂಗಳದೊಂದು, ಈ ವರ್ಷದ್ದೊಂದು, ಸರ್ವಕಾಲದ್ದೊಂದು, ಹನ್ನೆರಡು ತಿಂಗಳುಗಳ ಸರ್ವಕಾಲದ ಪರಮಾಂಕಗಳದೊಂದು. ಹೊಸ ಅಂಕವು ಬಂದಾಗಲೆಲ್ಲ ತಂತ್ರಾಂಶವು ಅದನ್ನು ಹಳೆಯದರೊಡನೆ ಹೋಲಿಸಿ, ಮೀರಿದ್ದರೆ ಅಂಕವನ್ನೂ ವೇಳೆಯನ್ನೂ ತಿದ್ದಿ ಬರೆಯುವುದು. ತಿಂಗಳು ಮುಗಿದಾಗ ಆ ತಿಂಗಳ ಕಡತದ ಪ್ರತಿಯನ್ನು ವರ್ಷ ಮಾಸಗಳ ಸಂಖ್ಯೆಯನ್ನು ಕೂಡಿಸಿದ ಹೆಸರಿನಿಂದ ಬೇರೆಯಾಗಿಟ್ಟು, ಅನಂತರವೇ ಹೊಸ ತಿಂಗಳ ಲೆಕ್ಕವನ್ನು ಆರಂಭಿಸುವುದು. ಮೇಲೆ ಹೇಳಿದ ಸೂತ್ರವು ಇಲ್ಲಿ ಪಾಲಿಸಲ್ಪಟ್ಟಿದೆ.

ವೀಡಬ್ಲ್ಯುಎಕ್ಸ್ ಎಂಬ ಇನ್ನೊಂದು ತಂತ್ರಾಂಶವು ಇದನ್ನೇ ದತ್ತಾಂಶಕೋಶದ ಕೋಷ್ಟಕಗಳಲ್ಲಿ ಮಾಡುವುದು. ಒಂದು ಕೋಷ್ಟಕದಲ್ಲಿ ಸಾಮಾನ್ಯವಾಗಿ ಐದು ನಿಮಿಷಕ್ಕೊಂದು ಸಾಲು. ಅದರ ಪಕ್ಕದಲ್ಲಿ ಒಂದೊಂದು ಮಾಪನಕ್ಕೂ ದಿನಸಾರದ ಕೋಷ್ಟಕವಿದ್ದು, ಅದರಲ್ಲಿ ಕನಿಷ್ಠ, ಅದರ ವೇಳೆ, ಗರಿಷ್ಠ, ಅದರ ವೇಳೆ, ಮೊತ್ತ, ಎಣಿಕೆ ಎಂಬಿವು ಬರೆಯಲ್ಪಡುವುವು. ಮಾಸಿಕ ಪರಮಾಂಕವನ್ನು ಬೇರೆಯಾಗಿ ಬರೆದಿಡದೆ, ಬೇಕಾದಾಗ ದಿನಸಾರಗಳಿಂದ ತೆಗೆದು ಹೇಳುವುದು ಇದರ ಕ್ರಮ.

3. ಒಂದು ಶಂಕೆಯೂ ಅದರ ಸಮಾಧಾನವೂ

ಇಲ್ಲಿ ಒಂದು ಶಂಕೆ ಬರಬಹುದು. ಹತ್ತು ನಿಮಿಷದ ಸಾಲುಗಳೆಲ್ಲ ಉಳಿದಿದ್ದರೆ ಅವುಗಳಿಂದಲೇ ಪರಮಾಂಕವನ್ನು ಮತ್ತೆ ಲೆಕ್ಕಹಾಕಬಹುದಲ್ಲವೆ? ಮೂಲವಿರುವಲ್ಲಿ ಸಾರವನ್ನು ಪ್ರತ್ಯೇಕವಾಗಿ ಕಾಪಾಡುವ ಶ್ರಮವೇಕೆ? ನನ್ನ ತಮ್ಮನ ಮಗನ ಅಭಿಪ್ರಾಯವೂ ಇದೇ ಆಗಿದ್ದಿತು.

ಇದಕ್ಕೆ ಸಮಾಧಾನವೇನೆಂದರೆ: ಹತ್ತು ನಿಮಿಷದ ಸಾಲು ಪೂರ್ಣವಾದ ಮೂಲವಲ್ಲ. ಯಂತ್ರವು ಕೆಲವು ಕ್ಷಣಗಳಿಗೊಮ್ಮೆ ಅಳೆಯುವುದು. ಕಡತಕ್ಕೆ ಬೀಳುವುದು ಹತ್ತು ನಿಮಿಷಕ್ಕೊಂದು ಸಾಲು ಮಾತ್ರ. ಉಷ್ಣತೆಯು ಮೆಲ್ಲಗೆ ಏರಿಳಿಯುವುದರಿಂದ ಸಾಲುಗಳಿಂದ ತೆಗೆದ ಗರಿಷ್ಠವು ನಿಜವಾದುದಕ್ಕೆ ಬಹಳ ಸಮೀಪವಾಗಿರುವುದು. ಗಾಳಿಯ ಬೀಸಾದರೋ ಎರಡು ಮೂರು ಕ್ಷಣಗಳಲ್ಲಿ ಬಂದು ಹೋಗುವುದು. ನಾಲ್ಕೂವರೆಗೆ ಒಂದು ಸಾಲು, ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಇನ್ನೊಂದು ಸಾಲು ಬಿದ್ದು, ನಡುವೆ ಬಿರುಗಾಳಿ ಬೀಸಿ ಬೇವಿನ ಮರವನ್ನುರುಳಿಸಿ ಹೋಗಿದ್ದರೆ, ಆ ಎರಡು ಸಾಲುಗಳಲ್ಲಿ ಅದರ ನಿಜವಾದ ಬಲವು ಕಾಣದೆಯೇ ಹೋಗಬಹುದು. ಅದನ್ನು ದಿನಪತ್ರವೂ ಪರಮಾಂಕದ ಸಣ್ಣ ಕಡತವೂ ಹಿಡಿದಿಟ್ಟಿರುವುವು. ವೀಡಬ್ಲ್ಯುಎಕ್ಸಿನಲ್ಲಿಯೂ ದಿನಸಾರಗಳನ್ನು ಐದು ನಿಮಿಷದ ಸಾಲುಗಳಿಂದ ಪುನಃ ಕಟ್ಟಬಹುದು. ಆದರೆ ನಡುವಣ ಕ್ಷಣಗಳಲ್ಲಿ ಕಂಡ ಪರಮಾಂಕದ ಸೂಕ್ಷ್ಮತೆಯು ಹಾಗೆ ಕಟ್ಟಿದುದರಲ್ಲಿ ಉಳಿಯದು.

ಮಾನ್ವಿಯಲ್ಲಿ ಆದುದೂ ಇದೇ. ಉಷ್ಣತೆಯ ಪರಮಾಂಕಗಳು ಹೆಚ್ಚು ಕಡಿಮೆ ಮರಳಿ ದೊರೆತವು. ಹಿಂದಿನ ವರ್ಷ ವೈಶಾಖ ಬಹುಳದ ಒಂದು ಸಂಜೆ ಸಿಡಿಲು ಮಳೆಯೊಡನೆ ಬಂದ ಗಾಳಿಯ ಅಂಕವು ಮಾತ್ರ ಯಾವ ಸಾಲಿನಲ್ಲಿಯೂ ಸಿಕ್ಕಲಿಲ್ಲ. ಆ ದಿನ ನಾನು ಅಲ್ಲಿಯೇ ಇದ್ದು, ಅಭ್ಯಾಸಬಲದಿಂದ ಅದನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೆನು. ಅಂಕವು ದೊರೆಯಿತು, ದಿನವು ದೊರೆಯಿತು. ವೇಳೆಯನ್ನು ನಾನು ಬರೆದಿರಲಿಲ್ಲವಾದ ಕಾರಣ ಅದು ಹೋಯಿತು.

4. ಅಂಕಿತದ ಆವಶ್ಯಕತೆ

ದಿನ, ವೇಳೆ, ಸ್ಥಳ, ಮಾನ ಇವು ಅಂಕದ ಅಂಕಿತಗಳು. ನಮ್ಮ ಸೀಮೆಯ ದಾಸವಾಙ್ಮಯವನ್ನು ಬಲ್ಲವರಿಗೆ ಈ ಮಾತು ಒಡನೆಯೇ ಹೊಳೆಯುವುದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರದು ವಿಜಯವಿಠಲನೆಂದೂ, ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರದು ಜಗನ್ನಾಥವಿಠಲನೆಂದೂ ಪದದ ಕೊನೆಯಲ್ಲಿ ಬರುವ ಅಂಕಿತದಿಂದಲೇ ಕರ್ತೃನಿರ್ಣಯವಾಗುವುದು. ಅಂಕಿತವು ಬಿಟ್ಟುಹೋದ ಪದವು ಯಾರದೆಂಬುದು ಚರ್ಚೆಗೆ ಗುರಿಯಾಗುವುದು.

ತಂತ್ರಾಂಶದ ಕಡತಗಳಲ್ಲಿ ಇಂಥ ಅಂಕಿತಲೋಪಕ್ಕೆ ಎರಡು ದಾರಿಗಳುಂಟು. ಕ್ಯುಮುಲಸಿನ ಕಡತಗಳಲ್ಲಿ ಅಂಕವು ಇರುವುದೇ ಹೊರತು ಮಾನದ ಹೆಸರು ಅದರ ಪಕ್ಕದಲ್ಲಿರುವುದಿಲ್ಲ. ನಡುವೆ ಯಾರಾದರೂ ಮಾನವನ್ನು ಬದಲಾಯಿಸಿದರೆ ಹಿಂದಿನ ಅಂಕಗಳು ತಾವಾಗಿಯೇ ಮಾರ್ಪಡುವುದಿಲ್ಲ. 114 ಫಾರನ್‌ಹೀಟೂ 45.6 ಸೆಲ್ಸಿಯಸ್ಸೂ ಒಂದೇ ಬಿಸಿಲೆಂಬುದು ಗಣಕಕ್ಕೆ ತಿಳಿಯದೆ, ಮೊದಲನೆಯದೇ ಎಂದೆಂದಿಗೂ ಮುರಿಯದ ಪರಮಾವಧಿಯಾಗಿ ಕೂರುವುದು. ಎರಡನೆಯದು ತಾರೀಖಿನ ಕ್ರಮ. ದಿನವನ್ನು ಮೊದಲು ಬರೆಯುವ ಗಣಕದಿಂದ ತಿಂಗಳನ್ನು ಮೊದಲು ಬರೆಯುವ ಗಣಕಕ್ಕೆ ಕಡತವನ್ನು ಒಯ್ದರೆ ಜೂನ್ 5ನೆಯ ತಾರೀಖು ಮೇ 6 ಆಗಿ ಓದಲ್ಪಡಬಹುದು.

ದಿನದ ಎಲ್ಲೆಯನ್ನೂ ಇಲ್ಲಿಯೇ ಹೇಳಬೇಕು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ಮಳೆಯನ್ನು ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಅಳೆದು, ಹಿಂದಿನ ಇಪ್ಪತ್ತುನಾಲ್ಕು ಗಂಟೆಗಳ ಮಳೆಯನ್ನು ಅಳೆದ ದಿನದ ಹೆಸರಿನಲ್ಲಿ ಬರೆಯುವುದು. ಕ್ಯುಮುಲಸಿನಲ್ಲಿ ದಿನವು ಮಧ್ಯರಾತ್ರಿಗಾಗಲಿ ಬೆಳಿಗ್ಗೆ 9 ಗಂಟೆಗಾಗಲಿ ತಿರುಗುವಂತೆ ಗೊತ್ತುಮಾಡಬಹುದು. ಸಾಮಾನ್ಯ ದಿನಗಳಲ್ಲಿ ಇದರಿಂದ ದೊಡ್ಡ ಬಾಧೆಯಿಲ್ಲ. ತಿಂಗಳ ಸಂಧಿಯಲ್ಲಿ ಬಾಧೆಯುಂಟು. 2009ರಲ್ಲಿ ರಾಯಚೂರು ಜಿಲ್ಲೆಯನ್ನು ಮುಳುಗಿಸಿದ ಮಳೆಯು ಸೆಪ್ಟೆಂಬರಿನ ಕೊನೆಯ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಬಿದ್ದುದೆಂಬುದನ್ನು ನೆನೆಯಬೇಕು. ಸೆಪ್ಟೆಂಬರ್ 30ರ ರಾತ್ರಿ ಹತ್ತು ಗಂಟೆಗೆ ಬಿದ್ದ ಮಳೆಯು ಮಧ್ಯರಾತ್ರಿಯ ಲೆಕ್ಕದಲ್ಲಿ ಸೆಪ್ಟೆಂಬರಿಗೂ, ಇಲಾಖೆಯ ಲೆಕ್ಕದಲ್ಲಿ ಅಕ್ಟೋಬರಿಗೂ ಸೇರುವುದು. ಎರಡೂ ತಪ್ಪಲ್ಲ, ಯಾವ ಎಲ್ಲೆಯೆಂದು ಬರೆದಿಡದಿರುವುದೇ ತಪ್ಪು. ದೇವದುರ್ಗದ ಒಂದು ಹೊಲದ ಅಂಕವನ್ನು ರಾಯಚೂರಿನ ಅಂಕದೊಡನೆ ಹೋಲಿಸುವವರು ಮೊದಲು ಇದನ್ನು ವಿಚಾರಿಸತಕ್ಕದ್ದು.

5. ರಕ್ಷಾಪ್ರತಿಗಳು

ಬ್ಯಾಕಪ್ ಎಂದು ರೂಢಿಯಲ್ಲಿರುವ ರಕ್ಷಾಪ್ರತಿಯನ್ನು ತಂತ್ರಾಂಶವು ತಾನೇ ಮಾಡಿಕೊಳ್ಳುವುದು. ಆರಂಭವಾದಾಗಲೂ, ಈಚಿನ ರೂಪದಲ್ಲಿ ದಿನ ತಿರುಗಿದಾಗಲೂ ದಿನಪತ್ರ ಮತ್ತು ಪರಮಾಂಕದ ಕಡತಗಳನ್ನು ಬೇರೊಂದು ಕೋಶಕ್ಕೆ ನಕಲು ಮಾಡುವುದು. ಇದು ಒಳ್ಳೆಯದೇ, ಆದರೆ ಇದರಲ್ಲಿ ಮೂರು ನ್ಯೂನತೆಗಳನ್ನು ಗಮನಿಸಬೇಕು.

ಒಂದು: ಆ ಕೋಶವೂ ಅದೇ ಗಣಕದಲ್ಲಿರುವುದರಿಂದ ಗಣಕವು ಕೆಟ್ಟರೆ ಮೂಲವೂ ಪ್ರತಿಯೂ ಒಟ್ಟಿಗೆ ಹೋಗುವುವು. ಎರಡು: ಹಳೆಯ ಪ್ರತಿಗಳು ತೆಗೆದುಹಾಕಲ್ಪಡುವುವು. ದಿನಕ್ಕೊಂದರಂತೆ ಹತ್ತು ಪ್ರತಿಗಳನ್ನಷ್ಟೇ ಉಳಿಸುವ ಏರ್ಪಾಡಿದ್ದರೆ, ಇಂದು ನುಸುಳಿದ ತಪ್ಪು ಹನ್ನೆರಡನೆಯ ದಿನ ತಿಳಿದಾಗ ಹತ್ತು ಪ್ರತಿಗಳಲ್ಲಿಯೂ ಅದೇ ತಪ್ಪು ಇರುವುದು. ಮೂರು: ಯಂತ್ರದೋಷದಿಂದ ಒಂದು ಕ್ಷಣ ಸುಳ್ಳಂಕ ಬಂದರೂ ಅದು ಪರಮಾಂಕವಾಗಿ ಕುಳಿತು ನಿಜವಾದುದನ್ನು ಅಳಿಸುವುದು. ಈ ಮೂರನೆಯದಕ್ಕೆ ಕ್ಯುಮುಲಸಿನಲ್ಲಿ ಒಂದು ಪರಿಹಾರವುಂಟು: ಸರ್ವಕಾಲದ ಪರಮಾಂಕವು ಬದಲಾದಾಗಲೆಲ್ಲ ಹೊಸ ಅಂಕದೊಡನೆ ಹಳೆಯ ಅಂಕವನ್ನೂ ಒಂದು ಪಟ್ಟಿಯಲ್ಲಿ ಬರೆದಿಡುವುದು. ತಪ್ಪಿದುದನ್ನು ಆ ಪಟ್ಟಿಯನ್ನು ನೋಡಿ ಕೈಯಿಂದ ತಿದ್ದಬಹುದು.

ಪ್ರತಿಯು ಬೇರೆ ಬೇರೆ ಸ್ಥಳಗಳಲ್ಲಿರಬೇಕೆಂಬುದಕ್ಕೆ ನಮ್ಮ ಜಿಲ್ಲೆಯ ಮಸ್ಕಿಯ ಶಾಸನವೇ ಸಾಕ್ಷಿ. ಅಶೋಕನ ಕಿರುಶಾಸನವು ಹಲವು ಊರುಗಳ ಬಂಡೆಗಳಲ್ಲಿ ಕೆತ್ತಲ್ಪಟ್ಟಿತು. ಬಹುಕಾಲ ತಿಳಿದಿದ್ದ ಪ್ರತಿಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಿದ್ದಿತೇ ಹೊರತು ರಾಜನ ಹೆಸರಿರಲಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಪ್ರತಿಯಲ್ಲಿ ಅಶೋಕನೆಂಬ ಹೆಸರು ದೊರೆತುದರಿಂದ ಆ ದೇವಾನಾಂಪ್ರಿಯನು ಯಾರೆಂಬುದು ಸ್ಥಿರಪಟ್ಟಿತು. ಒಂದು ಪ್ರತಿಯ ಕೊರತೆಯನ್ನು ಇನ್ನೊಂದು ತುಂಬುವುದೆಂದರೆ ಹೀಗೆ.

ಪ್ರತಿಗಳು ಪರಸ್ಪರ ಪರೀಕ್ಷಿಸಲ್ಪಡಬೇಕೆಂಬುದಕ್ಕೆ ವೇದದ ಕ್ರಮಪಾಠವು ದೃಷ್ಟಾಂತ. ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಹೀಗೆ ಜೋಡಿಸಿ ಹೇಳುವಾಗ ನಡುವಣ ಪ್ರತಿಯೊಂದು ಪದವೂ ಎರಡು ಸಲ ಬರುವುದು. ಒಂದೆಡೆಯಲ್ಲಿ ತಪ್ಪಿದುದು ಇನ್ನೊಂದೆಡೆಯಲ್ಲಿ ಸಿಕ್ಕಿಬೀಳುವುದು. ಹಾಗೆಯೇ ತಿಂಗಳ ಕಡತದ ಗರಿಷ್ಠವು ದಿನಪತ್ರದ ಮೂವತ್ತು ಸಾಲುಗಳ ಗರಿಷ್ಠದೊಡನೆ ಸರಿಹೊಂದಬೇಕು; ಹೊಂದದಿದ್ದರೆ ಎಲ್ಲಿಯೋ ದೋಷವಿದೆಯೆಂದು ತಿಳಿಯತಕ್ಕದ್ದು.

6. ಉಪಸಂಹಾರ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯತಿಗಳಲ್ಲಿಟ್ಟಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಗಳನ್ನು ದೂರಕ್ಕೆ ಕಳುಹಿಸುವುದರಿಂದ ಅವಕ್ಕೆ ಸ್ಥಳಾಂತರದ ಪ್ರತಿಯು ತಾನಾಗಿಯೇ ಒದಗಿರುವುದು. ಮನೆಯ ಯಂತ್ರಕ್ಕೆ ಆ ರಕ್ಷಣೆಯಿಲ್ಲ. ಅದನ್ನು ಯಜಮಾನನೇ ಮಾಡಿಕೊಳ್ಳಬೇಕು. ಆದುದರಿಂದ ಮಾನ್ವಿಯ ಮನೆಯಲ್ಲಿ ಈಗ ನಾಲ್ಕು ನಿಯಮಗಳನ್ನು ಇಟ್ಟುಕೊಂಡಿರುವೆವು. ಕಡತಗಳನ್ನು ಸಾಗಿಸುವಾಗ ದೊಡ್ಡವು ಸಣ್ಣವು ಎಂದು ಭೇದವೆಣಿಸದೆ ಕೋಶವನ್ನು ಇಡಿಯಾಗಿ ಸಾಗಿಸುವುದು. ತಿಂಗಳ ಮೊದಲ ದಿನ ಒಂದು ಪ್ರತಿಯನ್ನು ಬೇರೆ ಊರಿಗೆ, ಅಂದರೆ ರಾಯಚೂರಿನಲ್ಲಿರುವ ನನಗೆ, ಕಳುಹಿಸುವುದು; ಇಂಥ ಮಾಸಿಕ ಪ್ರತಿಯನ್ನು ಎಂದಿಗೂ ಅಳಿಸದಿರುವುದು. ದಿನಪತ್ರವನ್ನೂ ಮಾಸಕಡತವನ್ನೂ ಅಂದೇ ತಾಳೆ ನೋಡುವುದು. ಪರಮಾಂಕಗಳನ್ನು ದಿನ, ವೇಳೆ, ಮಾನ, ದಿನದ ಎಲ್ಲೆ ಇವುಗಳೊಡನೆ ಒಂದು ಪುಸ್ತಕದಲ್ಲಿ ಶಾಯಿಯಿಂದ ಬರೆಯುವುದು.

ಈ ಅಂಕಗಳು ಕೇವಲ ಕುತೂಹಲಕ್ಕಾಗಿ ಇರುವುವಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೆಳಗಣ ಮಾನ್ವಿಯ ಬತ್ತಕ್ಕೂ, ಮಳೆಯನ್ನೇ ನೆಚ್ಚಿದ ದೇವದುರ್ಗದ ಹೊಲಗಳಿಗೂ ಎಂಥ ಬಿಸಿಲು, ಎಂಥ ಗಾಳಿ, ಎಂಥ ಮಳೆ ಬರಬಲ್ಲುದೆಂಬುದನ್ನು ಮುಂದಿನವರಿಗೆ ಹೇಳತಕ್ಕವು ಇವೇ. ರಾಯಚೂರಿನ 1928ರ ಅಂಕವನ್ನು ಬರೆದಿಟ್ಟವರ ಹೆಸರು ನಮಗೆ ಬಂದಿಲ್ಲ. ಬರೆದ ತಾರೀಖು ಬಂದಿದೆ. ನನ್ನ ಪಂಚಾಂಗದ ಅಂಚಿನಲ್ಲಿ ವೇಳೆಗೆಂದು ಈಗ ಒಂದು ಗೆರೆಯನ್ನು ಎಳೆದುಕೊಂಡಿರುವೆನು. ಇಲ್ಲಿ ದೋಷಗಳೇನಾದರೂ ಕಂಡುಬಂದರೆ ಬಲ್ಲವರು ತಿಳಿಸಿ ಉಪಕರಿಸಬೇಕೆಂದು ಪ್ರಾರ್ಥಿಸುವೆನು.