ಸೋಮಾಲಿಯಾದ ಹಳ್ಳದಿಂದ ಸೂರತ್‌ನ ಬೀದಿಗೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ರಸ್ತೆ ವಿಭಜಕವಿರಲಿ, ಉದ್ಯಾನದ ಅಂಚಿರಲಿ, ಹೊಸ ಬಡಾವಣೆಯ ಕಾಂಪೌಂಡ್ ಇರಲಿ, ಕೆಲವೇ ವರ್ಷಗಳಲ್ಲಿ ಒಂದೇ ಗಿಡ ಎಲ್ಲೆಡೆ ಹಬ್ಬಿತು. ಅದು ಕೊನೊಕಾರ್ಪಸ್. 2023ರ ಸೆಪ್ಟೆಂಬರ್‌ನಲ್ಲಿ ಗುಜರಾತ್ ಅರಣ್ಯ ಇಲಾಖೆ ಸುತ್ತೋಲೆ ಹೊರಡಿಸಿ, ಕಾಡಿನೊಳಗಾಗಲಿ ಹೊರಗಾಗಲಿ ಇದನ್ನು ಇನ್ನು ನೆಡಕೂಡದೆಂದಿತು.

ಜರ್ಮನಿಯ ಸಸ್ಯವಿಜ್ಞಾನಿ ಅಡಾಲ್ಫ್ ಎಂಗ್ಲರ್ 'ಕೊನೊಕಾರ್ಪಸ್ ಲ್ಯಾನ್ಸಿಫೋಲಿಯಸ್' ಎಂದು ಹೆಸರಿಟ್ಟ ಈ ಸಸ್ಯದ ತವರು ಸೋಮಾಲಿಯಾ, ಜಿಬೂಟಿ, ಯೆಮೆನ್. ಅಲ್ಲಿ ಮಳೆ ಬಂದಾಗಷ್ಟೇ ಹರಿಯುವ ಹಳ್ಳಗಳ ಪಾತ್ರದಲ್ಲಿ ಬೇರನ್ನು ಆಳಕ್ಕಿಳಿಸಿ ಬೆಳೆಯುತ್ತದೆ. ಕತ್ತರಿಸದೆ ಬಿಟ್ಟರೆ ಎತ್ತರದ ಮರ, ಸವರುತ್ತಿದ್ದರೆ ದಟ್ಟ ಪೊದೆ. ಈಟಿಯ ಮೊನೆಯಂಥ ನೀಳ ಎಲೆಗಳು ವರ್ಷವಿಡೀ ಹಸಿರು. ಹೂವನ್ನು ಹುಡುಕಿಯೇ ನೋಡಬೇಕು: ಎಸಳೇ ಇಲ್ಲದ, ಹಸಿರು ಬೆರೆತ ಕೆನೆಬಣ್ಣದ ಪುಟ್ಟ ಹೂಗಳು ಉಂಡೆಯಾಗಿ ಒತ್ತೊತ್ತಿ ಕೂತಿರುತ್ತವೆ. ಉಂಡೆ ಮಾಗಿದಾಗ ಹುರುಪೆ ಜೋಡಿಸಿದಂಥ ಸಣ್ಣ ಕಾಯಿ.

ಉಪ್ಪುನೀರು, ಬಿರುಬಿಸಿಲು, ಬರ ಯಾವುದಕ್ಕೂ ಜಗ್ಗದು. ಕಡ್ಡಿ ನೆಟ್ಟರೂ ಚಿಗುರುತ್ತದೆ. ಕುವೈತ್, ಕತಾರ್‌ಗಳಲ್ಲಿ ಮರಳುಗಾಳಿ ತಡೆಯಲು, ಕರಾಚಿಯಲ್ಲಿ ಬೀದಿಗೆ ನೆರಳಾಗಲು, ತೆಲಂಗಾಣದಲ್ಲಿ ಗಿಡ ನೆಡುವ ‘ಹರಿತ ಹಾರಂ’ ಯೋಜನೆಗೆ ಇದನ್ನೇ ಆರಿಸಿದ್ದು ಈ ಗುಣಕ್ಕಾಗಿ. ಆದರೆ ಹಳ್ಳದಡಿಯ ನೀರನ್ನು ಅರಸುವ ಬೇರು ಊರಿಗೆ ಬಂದರೆ ಅರಸುವುದು ಕುಡಿಯುವ ನೀರಿನ ಕೊಳವೆಯನ್ನು, ಚರಂಡಿಯನ್ನು. ಗುಜರಾತಿನ ಸುತ್ತೋಲೆ ಹೇಳಿದ್ದು ಇದನ್ನೇ. ದೂರವಾಣಿ ಕೇಬಲ್‌ಗಳಿಗೂ ಹಾನಿಯೆಂದಿತು. ಚಳಿಗಾಲದಲ್ಲಿ ಹೂಬಿಟ್ಟಾಗ ಹರಡುವ ಪರಾಗದಿಂದ ನೆಗಡಿ, ಕೆಮ್ಮು, ಅಸ್ತಮಾ, ಅಲರ್ಜಿ ಬರುತ್ತವೆಂದೂ ಸೇರಿಸಿತು.

ನನಗೆ ಗಿಡದ ಮೇಲೆ ಸಿಟ್ಟಿಲ್ಲ. ಊರು ತುಂಬ ಒಂದನ್ನೇ ನೆಟ್ಟ ಆತುರದ ಮೇಲೆ ಸಿಟ್ಟು. ಹತ್ತು ಜಾತಿಯ ಮರಗಳ ನಡುವೆ ಇದೂ ಒಂದಾಗಿದ್ದರೆ ಇದರ ಪರಾಗ ಇಷ್ಟೊಂದು ಗಾಳಿಗೆ ಸೇರುತ್ತಿರಲಿಲ್ಲ, ಇಷ್ಟು ಬೇರುಗಳು ಪೈಪ್ ಹುಡುಕುತ್ತಲೂ ಇರಲಿಲ್ಲ. ಅಷ್ಟಕ್ಕೂ ಇದರ ಬಂಧುಗಳು ನಮ್ಮ ನೆಲದಲ್ಲೇ ಇದ್ದಾರೆ. ಮತ್ತಿ, ತಾರೆ, ಅಳಲೆ, ದಿಂಡಿಗ ಇದೇ ಕುಟುಂಬದವು. ಕಾವೇರಿ ದಡದಲ್ಲಿ ಬೃಹತ್ತಾಗಿ ನಿಲ್ಲುವ ಹೊಳೆಮತ್ತಿಯೂ ಇದೇ ವಂಶ. ನಮ್ಮ ದಿಂಡಿಗ ಗುಜರಾತಿಗರಿಗೆ ಧಾವಡೊ. ಅಲ್ಲಿಯ ಒಣಕಾಡಿನಲ್ಲೂ ಬಾಳುವ ಮರ. ಇವು ನಿಧಾನವಾಗಿ ಬೆಳೆಯುತ್ತವೆ, ನಿಜ. ಮೊದಲ ಬೇಸಿಗೆಗಳಲ್ಲಿ ನೀರೂ ಕಾವಲೂ ಬೇಕು. ಟೆಂಡರ್‌ನ ಅವಧಿಯೊಳಗೆ ಹಸಿರು ಕಾಣಿಸಬೇಕಾದ ಗುತ್ತಿಗೆದಾರ ಅವನ್ನು ಆರಿಸುವುದು ಕಷ್ಟ.

ಗುಜರಾತಿನ ಸುತ್ತೋಲೆ ಹೇಳಿದ್ದು ಹೊಸದಾಗಿ ನೆಡಬೇಡಿ ಎಂದು. ಈಗಿರುವುದನ್ನೆಲ್ಲ ಒಮ್ಮೆಗೇ ಕಡಿದರೆ ಅಹಮದಾಬಾದ್‌ನ ಮೇ ತಿಂಗಳ ಬಿಸಿಲಿಗೆ ಬೀದಿ ಬೋಳಾಗುತ್ತದೆ. ಹೂಬಿಡುವ ಮುನ್ನವೇ ಸವರುತ್ತ, ನಡುನಡುವೆ ಬೇವು, ಹೊಂಗೆ ಬೆಳೆಸಿ, ಅವು ನೆರಳು ಕೊಡತೊಡಗಿದ ಮೇಲೆ ಇದನ್ನು ಸಾಲುಸಾಲಾಗಿ ತೆಗೆಯಬಹುದು. ಬೆಂಗಳೂರಿನಲ್ಲಿ ಮನೆಯ ಬೇಲಿಗೆಂದು ಈ ಸಸಿ ಕೇಳಿಕೊಂಡು ನರ್ಸರಿಗೆ ಹೋಗುವವರು, ಮೊದಲು ಗೇಟಿನ ಬಳಿ ನೀರಿನ ಕೊಳವೆ ಎಲ್ಲಿ ಹಾಯ್ದಿದೆಯೆಂದು ನೋಡಿಕೊಳ್ಳಲಿ.