ಕಾರು ಪಾಸ್, ಗಾಳಿ ಫೇಲ್

"ಮೈಲೇಜ್ ಇಳಿಯುತ್ತಾ ಸಾರ್?"

2015ರ ಡಿಸೆಂಬರ್ 1ರಂದು ಫೋಕ್ಸ್‌ವ್ಯಾಗನ್ ಕಂಪನಿ ಭಾರತದಲ್ಲಿ 3,23,700 ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಸರಿಮಾಡಿ ಕೊಡ್ತೀವಿ ಅಂತ ಹೇಳಿತು. ಆಗ ನನಗೆ ಗೊತ್ತಿದ್ದ ಓನರ್‌ಗಳ ಬಾಯಿಂದ ಬಂದ ಮೊದಲ ಪ್ರಶ್ನೆ ಇದೇ. ಎರಡನೇದು ಪಿಕಪ್ ಬಗ್ಗೆ. ಆಮೇಲೆ, ಮಾರೋವಾಗ ರೇಟ್ ಬೀಳುತ್ತಾ ಅಂತ. ಇಷ್ಟು ವರ್ಷ ಆ ಕಾರು ಬಿಟ್ಟ ಹೊಗೆ ಯಾರ ಮೂಗಿಗೆ ಹೋಯ್ತು ಅಂತ ನಮ್ಮ ಜರಗನಹಳ್ಳಿ ಕಡೆ ಯಾರಾದರೂ ಕೇಳಿದ್ದು ನನಗಂತೂ ನೆನಪಿಲ್ಲ. ಓನರ್‌ಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರಿಗೆ ಯಾಕೆ ಕೋಪ ಬರಲಿಲ್ಲ ಅನ್ನೋದಕ್ಕೆ ಉತ್ತರ ಆ ಮೋಸ ನಡೆದ ರೀತಿಯಲ್ಲೇ ಇದೆ.

ಮೊದಲು ಆ ಕಾಲ ಸ್ವಲ್ಪ ನೆನಪು ಮಾಡ್ಕೊಳ್ಳಿ. 2010ರಲ್ಲಿ ಪೆಟ್ರೋಲ್ ಬೆಲೆ ಸರ್ಕಾರದ ಹಿಡಿತದಿಂದ ಬಿಡುಗಡೆ ಆಯ್ತು, ಡೀಸೆಲ್ ಆಗಲಿಲ್ಲ. 2012ರ ಹೊತ್ತಿಗೆ ಎರಡರ ನಡುವೆ ಲೀಟರ್‌ಗೆ ಮೂವತ್ತು ರೂಪಾಯಿ ಹತ್ತಿರ ವ್ಯತ್ಯಾಸ. ಕನಕಪುರ ರೋಡಿಂದ ದಿನಾ ಎಲೆಕ್ಟ್ರಾನಿಕ್ ಸಿಟಿಗೋ ವೈಟ್‌ಫೀಲ್ಡ್‌ಗೋ ಹೋಗಿ ಬರೋನು ಡೀಸೆಲ್ ಕಾರು ತಗೊಳ್ಳದೆ ಇನ್ನೇನು ತಗೊಳ್ತಾನೆ? ಪೋಲೋ, ವೆಂಟೋ, ಸ್ಕೋಡಾ ರ್ಯಾಪಿಡ್ ಎಲ್ಲ ಆಗ ಬಂದವು. ಜರ್ಮನ್ ಬಾಡಿ, ಗಟ್ಟಿ ಡೋರ್, ಹೈವೇನಲ್ಲಿ ಒಳ್ಳೆ ಎಳೆತ, ಕಡಿಮೆ ಡೀಸೆಲ್ ಕುಡಿಯೋ ಇಂಜಿನ್. ಐಟಿ ಹುಡುಗರಿಗೆ ಮೊದಲ ಅಪ್ರೈಸಲ್ ಆದಮೇಲಿನ ಕನಸು ಅಂದ್ರೆ ಅದೇ.

ಆ ಇಂಜಿನ್ ಕುಟುಂಬದ ಹೆಸರು ಇಎ189. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಮೋಸದ ಸಾಫ್ಟ್‌ವೇರ್ ಇತ್ತು ಅಂತ 2015ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅದಕ್ಕೆ ಕೆಲವೇ ದಿನ ಮೊದಲು, ಸೆಪ್ಟೆಂಬರ್ 18ರಂದು, ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತ್ತು.

ನಮ್ಮಂಥ ಕೋಡ್ ಬರೆಯೋರಿಗೆ ಈ ಮೋಸ ಅರ್ಥ ಆಗೋಕೆ ಎರಡು ನಿಮಿಷ ಸಾಕು. ಲ್ಯಾಬ್‌ನಲ್ಲಿ ಕಾರನ್ನ ರೋಲರ್ ಮೇಲೆ ನಿಲ್ಲಿಸಿ ಓಡಿಸ್ತಾರೆ. ಚಕ್ರ ತಿರುಗುತ್ತೆ, ಸ್ಟೀರಿಂಗ್ ಮಾತ್ರ ಅಲ್ಲಾಡಲ್ಲ. ಯಾವ ಸೆಕೆಂಡಿಗೆ ಎಷ್ಟು ಸ್ಪೀಡ್ ಅನ್ನೋದು ಮೊದಲೇ ಪ್ರಿಂಟಾದ ಪ್ರಶ್ನೆಪತ್ರಿಕೆ. ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್ ಇದನ್ನೆಲ್ಲ ಗಮನಿಸಿ "ಓಹೋ, ಪರೀಕ್ಷೆ ನಡೀತಿದೆ" ಅಂತ ತಿಳ್ಕೊಂಡು, ಹೊಗೆ ಶುದ್ಧ ಮಾಡೋ ವ್ಯವಸ್ಥೆಯನ್ನ ಪೂರ್ತಿ ಆನ್ ಮಾಡ್ತಿತ್ತು. ರೋಡಿಗೆ ಬಂದು ಸ್ಟೀರಿಂಗ್ ತಿರುಗಿದರೆ ಮತ್ತೆ ತನ್ನ ಹಳೇ ಚಾಳಿ. ಕ್ಲೈಂಟ್ ಡೆಮೋ ದಿನ ಮಾತ್ರ ಸರಿಯಾಗಿ ಓಡೋ ಬಿಲ್ಡ್ ನೆನಪಾಯ್ತಾ? ಅದು ಬೇಜವಾಬ್ದಾರಿ. ಇದು ಕೂತು ಡಿಸೈನ್ ಮಾಡಿ, ರಿವ್ಯೂ ಮಾಡಿ, ವರ್ಷಗಟ್ಟಲೆ ಮೇಂಟೇನ್ ಮಾಡಿದ್ದು. ಇದರಲ್ಲಿ ಕೈ ಇದ್ದ ಜೇಮ್ಸ್ ಲಿಯಾಂಗ್ ಅನ್ನೋ ಇಂಜಿನಿಯರ್‌ಗೆ 2017ರಲ್ಲಿ ಅಮೆರಿಕದ ಕೋರ್ಟ್ 40 ತಿಂಗಳ ಜೈಲು ಕೊಟ್ಟಿತು. ಮೇಲಿನವರು ಹೇಳಿದ್ರು ನಾನು ಮಾಡಿದೆ ಅನ್ನೋ ಮಾತು ಅಲ್ಲಿ ಅವರನ್ನ ಕಾಪಾಡಲಿಲ್ಲ.

ಅಂದಹಾಗೆ ಆ ಕಾರುಗಳಿಗೆ ಕಂಟ್ರೋಲ್ ಯೂನಿಟ್ ಪೂರೈಸಿದ್ದು ಬಾಷ್. ಆಡುಗೋಡಿ ಕಡೆಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ 'ಮೈಕೋ'ನೇ. ಬಿಟಿಎಂ ಲೇಔಟ್ ಪಕ್ಕದಲ್ಲಿ ಒಂದು ಬಡಾವಣೆಗೇ ಆ ಹೆಸರಿದೆ. ಡೀಸೆಲ್ ಪಂಪ್ ಮಾಡಿ ಮನೆ ಕಟ್ಟಿಸಿ ಮಕ್ಕಳನ್ನ ಓದಿಸಿದ ಕುಟುಂಬಗಳು ದಕ್ಷಿಣ ಬೆಂಗಳೂರಿನಲ್ಲಿ ಎಷ್ಟೋ ಇವೆ. ಮೋಸ ಇಲ್ಲಿ ನಡೀತು ಅಂತ ಅಲ್ಲ, ಖಂಡಿತ ಅಲ್ಲ. ಡೀಸೆಲ್ ನಮಗೆ ಬರೀ ಇಂಧನ ಆಗಿರಲಿಲ್ಲ ಅನ್ನೋದಕ್ಕೆ ಹೇಳಿದೆ.

ಕಳ್ಳತನ ಹಿಡಿದ ಕಥೆಯಲ್ಲೂ ಒಬ್ಬ ಬೆಂಗಳೂರಿನವರಿದ್ದಾರೆ, ಅದು ತುಂಬ ಜನಕ್ಕೆ ಗೊತ್ತಿಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡ 2013ರಲ್ಲಿ ಕಾರುಗಳಿಗೆ ಹೊಗೆ ಅಳೆಯೋ ಮೆಷಿನ್ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ಹೇಮಂತ್ ಕಪ್ಪಣ್ಣ. ಅವರು ಯಾರನ್ನೋ ಹಿಡಿಯೋಕೆ ಹೊರಟವರಲ್ಲ. ಅಮೆರಿಕದ ಡೀಸೆಲ್ ಕಾರುಗಳು ಎಷ್ಟು ಚೆನ್ನಾಗಿವೆ ನೋಡಿ ಅಂತ ಯುರೋಪಿಗೆ ತೋರಿಸೋಕೆ ಶುರುವಾದ ಅಧ್ಯಯನ ಅದು. ಜೆಟ್ಟಾ ಕಾರು ರೋಡಿನಲ್ಲಿ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡ್ತಿತ್ತು. ಲ್ಯಾಬ್‌ಗೆ ತಂದು ರೋಲರ್ ಮೇಲೆ ಹತ್ತಿಸಿದರೆ ಪಾಸ್! ಮೆಷಿನ್ ಕೆಟ್ಟಿದೆಯಾ ಅಂತ ಮತ್ತೆ ಮತ್ತೆ ನೋಡಿದ್ರಂತೆ. ಕಪ್ಪಣ್ಣ ಆಮೇಲೆ ಜನರಲ್ ಮೋಟಾರ್ಸ್‌ನಲ್ಲಿ ಹೊಗೆ ನಿಯಂತ್ರಣದ ಕೆಲಸಕ್ಕೇ ಸೇರಿದರು. 2019ರ ಫೆಬ್ರವರಿಯಲ್ಲಿ ಆ ಕಂಪನಿ ಸಾವಿರಾರು ಜನರನ್ನ ತೆಗೆದಾಗ ಅವರ ಕೆಲಸವೂ ಹೋಯ್ತು.

ಜನರಲ್ ಮೋಟಾರ್ಸ್ ಅಂದಕೂಡಲೆ ಟವೆರಾ ನೆನಪಾಗಬೇಕು. ನಮ್ಮ ಏರಿಯಾಗೆ ಫೋಕ್ಸ್‌ವ್ಯಾಗನ್‌ಗಿಂತ ಹತ್ತಿರದ ಪ್ರಕರಣ ಅದು. ಧರ್ಮಸ್ಥಳ-ಕುಕ್ಕೆ ಟ್ರಿಪ್, ಮದುವೆ ದಿಬ್ಬಣ, ಕಾಲ್ ಸೆಂಟರ್ ಕ್ಯಾಬ್, ಎಲ್ಲಕ್ಕೂ ಟವೆರಾನೇ ಅಲ್ವಾ? 2013ರ ಜುಲೈನಲ್ಲಿ, ಅಂದರೆ ಜರ್ಮನ್ ಹಗರಣಕ್ಕೆ ಎರಡು ವರ್ಷ ಮೊದಲೇ, ಜನರಲ್ ಮೋಟಾರ್ಸ್ ಇಂಡಿಯಾ 1.14 ಲಕ್ಷ ಟವೆರಾಗಳನ್ನ ವಾಪಸ್ ಕರೆಯಿತು. 2005ರಿಂದ 2013ರವರೆಗೆ ತಯಾರಾದ ಗಾಡಿಗಳು. ಅಲ್ಲಿ ಸಾಫ್ಟ್‌ವೇರ್ ಚಾಲಾಕಿತನವೇ ಬೇಕಾಗಲಿಲ್ಲ. ಕಡಿಮೆ ಹೊಗೆ ಬಿಡೋ ಇಂಜಿನ್‌ಗಳನ್ನ ಆರಿಸಿ ಇಟ್ಟುಕೊಂಡು, ತಪಾಸಣೆಗೆ ಹೋಗೋ ಗಾಡಿಗೆ ಅವನ್ನೇ ಕೂರಿಸಿದ್ದರು. ಮಾರ್ಕೆಟ್‌ನಲ್ಲಿ ಒಳ್ಳೆ ಟೊಮೆಟೊ ಮೇಲೆ ಜೋಡಿಸಿ ಕೆಟ್ಟದ್ದನ್ನ ಕೆಳಗೆ ಇಡ್ತಾರಲ್ಲ, ಅದೇ. ಕಂಪನಿಯೇ ಸರ್ಕಾರಕ್ಕೆ ಹೇಳಿತು, ಹಲವರನ್ನ ಮನೆಗೆ ಕಳಿಸಿತು. ಟವೆರಾ ಓಡಿಸಿ ಸಾಲದ ಕಂತು ಕಟ್ಟೋ ಡ್ರೈವರಣ್ಣನಿಗೆ ಮಾತ್ರ ಗಾಡಿ ಶೋರೂಮಿನಲ್ಲಿ ನಿಂತರೆ ಅವತ್ತಿನ ದುಡಿಮೆ ಹೋಯ್ತು ಅನ್ನೋದೇ ಚಿಂತೆ. ಅದು ತಪ್ಪು ಅಂತ ನಾನು ಹೇಳಲಾರೆ.

ಈಗ ಓನರ್‌ಗೆ ಯಾಕೆ ಕೋಪ ಬರಲಿಲ್ಲ ಅನ್ನೋ ವಿಷಯ. ಡೀಸೆಲ್ ಇಂಜಿನ್ ಒಳಗೆ ಬೆಂಕಿ ಜೋರಾಗಿ, ಬಿಸಿಯಾಗಿ ಉರಿದಷ್ಟೂ ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಅದನ್ನ ಕಡಿಮೆ ಮಾಡೋಕೆ ಸುಟ್ಟ ಹೊಗೆಯಲ್ಲೇ ಒಂದಿಷ್ಟನ್ನ ಮತ್ತೆ ಇಂಜಿನ್ ಒಳಗೆ ಕಳಿಸ್ತಾರೆ, ಉರಿ ತಣ್ಣಗಾಗಲಿ ಅಂತ. ಹಾಗೆ ಮಾಡಿದರೆ ಮಸಿ ಹೆಚ್ಚುತ್ತೆ, ಎಳೆತ ಮಂಕಾಗುತ್ತೆ, ಡೀಸೆಲ್ಲೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ಅಂದರೆ ಓನರ್ ಯಾವುದಕ್ಕೆ ಮರುಳಾಗಿ ಕಾರು ತಗೊಂಡನೋ ಆ ಪಿಕಪ್ಪು, ಆ ಮೈಲೇಜು, ಅದರಲ್ಲಿ ಒಂದು ಪಾಲು ಈ ಮೋಸದಿಂದಲೇ ಬಂದದ್ದು. ಹಾಲಿಗೆ ನೀರು ಹಾಕಿದರೆ ಗಿರಾಕಿಗೆ ನಷ್ಟ. ಇಲ್ಲಿ ಗಿರಾಕಿಗೆ ಗೊತ್ತಿಲ್ಲದೇ ಅವನ ಲೋಟಕ್ಕೆ ಇನ್ನೊಬ್ಬರ ಹಾಲು ಬಿತ್ತು. ಹಾಗಾಗಿ ರಿಪೇರಿ ಮಾಡಿಸ್ಕೊಳ್ಳಿ ಬನ್ನಿ ಅಂದಾಗ "ಚೆನ್ನಾಗಿ ಓಡ್ತಿದೆ ಗುರು, ಯಾಕೆ ಕೈ ಹಾಕಿಸೋದು" ಅಂದರು. ನಮ್ಮ ರಸ್ತೆಯ ಅಂಕಲ್ ಒಬ್ಬರು ಸರ್ವಿಸ್‌ಗೆ ಬಿಡುವಾಗಲೇ ಸೂಪರ್‌ವೈಸರ್‌ಗೆ ಹೇಳಿ ಬರ್ತಿದ್ದರು: "ಆಯಿಲ್ ಬದಲಾಯಿಸಿ, ಸಾಫ್ಟ್‌ವೇರ್ ಮುಟ್ಟಬೇಡಿ."

ಹಾಗಾದರೆ ಕಳಕೊಂಡವರು ಯಾರು? ಸಾರಕ್ಕಿ ಸಿಗ್ನಲ್‌ನಲ್ಲಿ ಸಂಜೆ ಏಳಕ್ಕೆ ನಿಂತು ನೋಡಿ. ಮಾರ್ಕೆಟ್ ಮುಂದೆ ಸೊಪ್ಪು ಹರಡಿಕೊಂಡು ಕೂತವರು, ಮಾಸ್ಕ್ ಕೆಳಗಿಳಿಸಿ ಸೀಟಿ ಊದೋ ಟ್ರಾಫಿಕ್ ಪೊಲೀಸ್, ಬಸ್ಸಿಗೆ ಕಾಯೋ ಗಾರ್ಮೆಂಟ್ಸ್ ಹೆಂಗಸರು. ಅವರ ಮೂಗು ಸೈಲೆನ್ಸರ್‌ಗೆ ಕಾರಿನೊಳಗೆ ಎಸಿ ಹಾಕ್ಕೊಂಡು ಕೂತವರಿಗಿಂತ ಹತ್ತಿರ. ನೈಟ್ರೋಜನ್ ಆಕ್ಸೈಡ್ ಕಣ್ಣಿಗೆ ಕಾಣೋ ಕಪ್ಪು ಹೊಗೆ ಅಲ್ಲ. ಉಸಿರಾಟದ ನಾಳ ಕೆರಳಿಸುತ್ತೆ, ಅಸ್ತಮಾ ಇರೋರಿಗೆ ಕಷ್ಟ ಕೊಡುತ್ತೆ, ಬಿಸಿಲಲ್ಲಿ ಓಝೋನ್ ಆಗುತ್ತೆ, ಸಣ್ಣ ಧೂಳಿನ ಕಣಗಳಾಗಿಯೂ ಬದಲಾಗುತ್ತೆ.

"ನಾನು ಎಮಿಷನ್ ಟೆಸ್ಟ್ ಮಾಡಿಸ್ತೀನಲ್ಲ, ಪಾಸ್ ಆಗ್ತಿದೆಯಲ್ಲ" ಅಂತ ನೀವು ಕೇಳಬಹುದು. ಬಂಕ್ ಮೂಲೆಯಲ್ಲಿ ನಿಂತಿರೋ ಓಮ್ನಿ ವ್ಯಾನ್ ಗೊತ್ತಲ್ಲ. ಹುಡುಗ ಸೈಲೆನ್ಸರ್‌ಗೆ ಪೈಪ್ ತೂರಿಸ್ತಾನೆ, ನ್ಯೂಟ್ರಲ್‌ನಲ್ಲಿ ನಾಲ್ಕು ಸಲ ಆಕ್ಸಿಲರೇಟರ್ ಒತ್ತಿಸ್ತಾನೆ, ನಂಬರ್ ಪ್ಲೇಟ್ ಫೋಟೊ ಹೊಡೀತಾನೆ, ಚೀಟಿ ಕೈಗೆ. ಡೀಸೆಲ್ ಕಾರಿಗೆ ಆ ಪರೀಕ್ಷೆ ಅಳೆಯೋದು ಹೊಗೆ ಎಷ್ಟು ಕಪ್ಪಗಿದೆ ಅಂತ, ಅಷ್ಟೇ. ನೈಟ್ರೋಜನ್ ಆಕ್ಸೈಡ್ ಅದರಲ್ಲಿ ಇಲ್ಲವೇ ಇಲ್ಲ. ಒಂದು ವೇಳೆ ಅಳೆದರೂ, ಭಾರ ಎಳೆಯದೆ ನಿಂತ ಇಂಜಿನ್‌ನಲ್ಲಿ ಅದು ಹುಟ್ಟೋದೇ ಕಡಿಮೆ. ನೈಸ್ ರೋಡ್‌ನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಹುಟ್ಟೋದು ಬಂಕ್‌ನಲ್ಲಿ ಹೇಗೆ ಸಿಗಬೇಕು? ಜಗತ್ತಿಗೇ ಟೋಪಿ ಹಾಕಿದ ಸಾಫ್ಟ್‌ವೇರ್ ನಮ್ಮ ಓಮ್ನಿ ವ್ಯಾನ್ ಮುಂದೆ ತಲೆ ಉಪಯೋಗಿಸೋ ಅಗತ್ಯವೇ ಬೀಳಲಿಲ್ಲ.

ಕಾನೂನೂ ಹೆಚ್ಚುಕಮ್ಮಿ ಅದೇ ವ್ಯಾನ್ ಥರ ಇತ್ತು. ಪುಣೆಯ ಎಆರ್‌ಎಐ ಸಂಸ್ಥೆ ಕಾರುಗಳನ್ನ ರೋಡಿನಲ್ಲಿ ಪರೀಕ್ಷಿಸಿದಾಗ ಬಿಎಸ್-4 ಮಿತಿಗಿಂತ 1.1ರಿಂದ 2.6 ಪಟ್ಟು ಹೊಗೆ ಸಿಕ್ಕಿತು. ಭಾರತದಲ್ಲಿ ರೋಡಿನ ಮೇಲಿನ ಹೊಗೆಗೆ ಮಿತಿಯೇ ಇಲ್ಲ, ಹಾಗಾಗಿ ನಾವು ನಿಯಮ ಮುರಿದಿಲ್ಲ ಅನ್ನೋದು ಕಂಪನಿಯ ವಾದ. ರೀಕಾಲ್ ಕೂಡ ತಾನಾಗೇ ಮಾಡಿದ್ದು ಅಂದಿತು. ಅಮೆರಿಕದ ಓನರ್‌ಗಳಿಗೆ ಕಾರು ವಾಪಸ್ ಕೊಟ್ಟರೆ ಹಗರಣಕ್ಕೆ ಮೊದಲಿನ ಬೆಲೆ, ಮೇಲೆ 5,100ರಿಂದ 10,000 ಡಾಲರ್ ಪರಿಹಾರ ಸಿಕ್ಕಿತು. ಅವರು 'ಕ್ಲೀನ್ ಡೀಸೆಲ್' ಅನ್ನೋ ಜಾಹೀರಾತು ನಂಬಿ, ಪರಿಸರಕ್ಕೆ ಒಳ್ಳೇದು ಅಂತ ಹೆಚ್ಚು ದುಡ್ಡು ಕೊಟ್ಟವರು, ಕೆಂಡ ಕಾರಿದರು. ಜರ್ಮನಿಯ ಓನರ್‌ಗಳು ವರ್ಷಗಟ್ಟಲೆ ಕೋರ್ಟ್ ಅಲೆದು 2020ರಲ್ಲಿ ಪರಿಹಾರ ಪಡೆದರು. ಇಲ್ಲಿಯವರಿಗೆ ಸಾಫ್ಟ್‌ವೇರ್ ಅಪ್‌ಡೇಟ್. ಉಚಿತ, ಪಾಪ.

ಇಲ್ಲಿ ಯಾರೂ ಬಾಯಿ ಬಿಡಲಿಲ್ಲ ಅಂತಲೂ ಅಲ್ಲ. ದೆಹಲಿ ಕಡೆಯ ಒಬ್ಬ ಶಿಕ್ಷಕಿ ಮತ್ತು ಇನ್ನು ಕೆಲವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಮಂಡಳಿ ನೇಮಿಸಿದ ತಜ್ಞರ ಸಮಿತಿ ದೆಹಲಿಯ ಲೆಕ್ಕ ಇಟ್ಟುಕೊಂಡು, ಜನರ ಆರೋಗ್ಯಕ್ಕೆ ಆದ ನಷ್ಟ 171.34 ಕೋಟಿ ರೂಪಾಯಿ ಅಂದಿತು. ಮೊದಲು 100 ಕೋಟಿ ಠೇವಣಿ ಇಡಿ ಅಂತ 2018ರ ನವೆಂಬರ್‌ನಲ್ಲಿ ಆದೇಶ. ಕಂಪನಿ ಕಟ್ಟಲಿಲ್ಲ. 2019ರ ಜನವರಿ 17ರಂದು, ನಾಳೆ ಸಂಜೆ ಐದರೊಳಗೆ ಕಟ್ಟದಿದ್ದರೆ ಭಾರತದ ಮುಖ್ಯಸ್ಥರನ್ನ ಬಂಧಿಸಬೇಕಾಗುತ್ತೆ ಅಂತ ಮಂಡಳಿ ಗದರಿದ ಮೇಲೆ ದುಡ್ಡು ಬಂತು. ಮಾರ್ಚ್ 7ರಂದು 500 ಕೋಟಿ ದಂಡ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸದ್ಯ ಬಲವಂತದ ಕ್ರಮ ಬೇಡ ಅಂತ ತಡೆಯಿತು. ಆ ಲೆಕ್ಕದಲ್ಲಿ ನನಗೆ ಚುಚ್ಚೋದು ಒಂದೇ: ಬೆಂಗಳೂರಿನ ಶ್ವಾಸಕೋಶಕ್ಕೆ ಎಷ್ಟು ರೂಪಾಯಿ ಅಂತ ಪ್ರತ್ಯೇಕವಾಗಿ ಯಾರೂ ಕೂಡಿಸಲಿಲ್ಲ.

ಆಮೇಲೆ ನಿಯಮ ಬದಲಾಯ್ತು, ಅದನ್ನೂ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರ್‌ಗೆ 0.25 ಗ್ರಾಂನಿಂದ 0.08 ಗ್ರಾಂಗೆ ಇಳಿಯಿತು. ಫೋಕ್ಸ್‌ವ್ಯಾಗನ್ ಭಾರತದಲ್ಲಿ ಡೀಸೆಲ್ ಕಾರು ಮಾಡೋದನ್ನೇ ಬಿಟ್ಟಿತು, ಮಾರುತಿಯೂ ಬಿಟ್ಟಿತು. 2023ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳು ನಿಜವಾದ ರಸ್ತೆಯಲ್ಲಿ ಓಡಿಸಿ ಅಳೆದಾಗಲೂ ಪಾಸ್ ಆಗಬೇಕು. ಹೇಮಂತ್ ಕಪ್ಪಣ್ಣ ಮತ್ತವರ ಗೆಳೆಯರು ಕಾರಿಗೆ ಕಟ್ಟಿಕೊಂಡು ಓಡಾಡಿದ್ದರಲ್ಲ, ಅಂಥದ್ದೇ ಮೆಷಿನ್ ಕಟ್ಟಿ.

ಹಳೇ ಕಾರುಗಳು ಎಲ್ಲಿಗೂ ಹೋಗಿಲ್ಲ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೆ ನಿಷೇಧ ಬಂದಮೇಲೆ ಅಲ್ಲಿಯ ಕಾರುಗಳು ಅಗ್ಗಕ್ಕೆ ಬೇರೆ ರಾಜ್ಯಗಳ ದಾರಿ ಹಿಡಿದವು. "ಡೆಲ್ಲಿ ಗಾಡಿ ಸಾರ್, ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು" ಅನ್ನೋ ಬ್ರೋಕರ್ ಮಾತು ಸೆಕೆಂಡ್ ಹ್ಯಾಂಡ್ ಹುಡುಕಿದ ಎಲ್ಲರೂ ಕೇಳಿರ್ತೀರಿ. ಮೊದಲ ಕಾರು ಅಂತ 2008ರಿಂದ 2015ರೊಳಗಿನ ಡೀಸೆಲ್ ಪೋಲೋನೋ ವೆಂಟೋನೋ ರ್ಯಾಪಿಡ್ಡೋ ನೋಡ್ತಿದ್ದರೆ, ಟೈರು, ಕ್ಲಚ್ಚು, ಇನ್ಶೂರೆನ್ಸ್ ನೋಡೋ ಜತೆಗೆ ಚಾಸಿಸ್ ನಂಬರ್ ಬರ್ಕೊಂಡು ಹೋಗಿ ಆಯಾ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಆ ರೀಕಾಲ್ ಅಪ್‌ಡೇಟ್ ಆಗಿದೆಯಾ ಅಂತ ಕೇಳಿ. ಐದು ನಿಮಿಷದ ಕೆಲಸ. "ಮಾಡಿಸಿದ್ರೆ ಮೈಲೇಜ್ ಇಳಿಯುತ್ತೆ ಮಗಾ" ಅಂತ ಪಕ್ಕದಲ್ಲಿರೋ ಫ್ರೆಂಡ್ ಹೇಳೇ ಹೇಳ್ತಾನೆ. ಇಳಿದರೂ ಇಳೀಬಹುದು. ಆ ಒಂದು ಕಿಲೋಮೀಟರ್ ಇಷ್ಟು ದಿನ ಎಲ್ಲಿಂದ ಬರ್ತಿತ್ತು ಅಂತ ಅವನಿಗೂ ಹೇಳಿ.